ಅಳಿಯನ ಮನೆತನದ ಮೂಲ ಹುಡುಕುವುದು ಹೇಗೆ? ಏಬ್ರಮ್ಸ್ ಕ್ರೀಕ್ ದಂಡೆಯ ಹಳೆಯ ಕುಟುಂಬಗಳ ಬಗ್ಗೆ

ಪ್ರಶ್ನೆ: ನಾನು ಮೈಸೂರಿನವಳು, ನಿವೃತ್ತ ಶಿಕ್ಷಕಿ. ಮಗಳು ಅಮೆರಿಕದ ಟೆನ್ನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿದ್ದಾಳೆ. ಅಳಿಯ ಅಲ್ಲಿಯವರೇ. ಅವರ ತಾಯಿಯ ಕಡೆಯವರು ಸ್ಮೋಕಿ ಬೆಟ್ಟಗಳ ಕೇಡ್ಸ್ ಕೋವ್ ಅನ್ನುವ ಕಣಿವೆಯಲ್ಲಿ, ಏಬ್ರಮ್ಸ್ ಕ್ರೀಕ್ ಅನ್ನುವ ಹಳ್ಳದ ದಂಡೆಯಲ್ಲಿ, ಮೊದಮೊದಲು ನೆಲೆಸಿದವರಂತೆ. ನಮ್ಮ ಕಡೆಯ ವಂಶವೃಕ್ಷ ಬರೆದು ಮೊಮ್ಮಗಳಿಗೆ ಕೊಟ್ಟಿದ್ದೇನೆ. ಅಪ್ಪನ ಕಡೆಯದೂ ಬೇಕು ಅಂತ ಈಗ ಹಟ ಹಿಡಿದಿದ್ದಾಳೆ. ಬೀಗಿತ್ತಿಯವರು ಹೇಳುವುದು ಮೂರು ಮಾತು. ಮೂವರು ಅಣ್ಣತಮ್ಮಂದಿರು ಕಡಲು ದಾಟಿ ಬಂದರು. ಒಬ್ಬ ಮುತ್ತಜ್ಜಿ ಚೆರೊಕೀ ಅನ್ನುವ ಅಲ್ಲಿಯ ಮೂಲನಿವಾಸಿ ಜನರ ರಾಜಕುಮಾರಿ. ಹಳೆಯ ದಾಖಲೆಯೆಲ್ಲ ಸುಟ್ಟುಹೋಗಿದೆ. ಇಂಟರ್ನೆಟ್‌ನಲ್ಲಿ ಸಿಗುವ ವಂಶವೃಕ್ಷಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊಮ್ಮಗಳೇ ಕೇಳಿದ್ದಾಳೆ ಅಂದಮೇಲೆ ಇದನ್ನು ಸರಿಯಾಗಿಯೇ ಮಾಡೋಣ.

ಮನೆತನದ ಹೆಸರನ್ನು ಕಂಪ್ಯೂಟರಿಗೆ ಹಾಕಿ ಮೇಲಕ್ಕೆ ಮೇಲಕ್ಕೆ ಹತ್ತುತ್ತಾ ಹೋಗುವುದನ್ನು ಸದ್ಯಕ್ಕೆ ನಿಲ್ಲಿಸಿ. ಆ ವಂಶವೃಕ್ಷಗಳು ತಾಳೆಯಾಗದೆ ಇರುವುದಕ್ಕೆ ಮುಖ್ಯ ಕಾರಣವೇ ಅದು. ಒಂದೇ ಹೆಸರಿನವರು ಹತ್ತಾರು ಮಂದಿ ಸಿಗುತ್ತಾರೆ, ಯಾರೋ ಒಬ್ಬರನ್ನು ತಂದು ಜೋಡಿಸಿಬಿಡುತ್ತಾರೆ. ಮುಂದಿನವರು ಅದನ್ನೇ ನಕಲು ಮಾಡುತ್ತಾರೆ. ಬೆಟ್ಟದ ಸೀಮೆಯ ಹಳ್ಳಗಳ ದಂಡೆಗೆ ಜನ ಒಂಟಿಯಾಗಿ ಬಂದು ನೆಲೆಸಿದ್ದು ಕಡಿಮೆ. ಅಣ್ಣ ಬಂದರೆ ಹಿಂದೆಯೇ ಭಾವಮೈದುನ, ಅವನ ಹಿಂದೆ ಹಳೆಯ ಊರಿನ ಪಕ್ಕದ ಮನೆಯವನು. ಹಾಗಾಗಿ ನಿಮ್ಮ ಅಳಿಯನ ಮುತ್ತಾತ ಒಬ್ಬನನ್ನೇ ಹುಡುಕಿದರೆ ಸಿಗುವುದು ಕಷ್ಟ. ಆ ಹಳ್ಳದ ದಂಡೆಯ ಅಷ್ಟೂ ಮನೆಗಳನ್ನು ಒಟ್ಟಿಗೆ ನೋಡಿದರೆ ಅವನು ತಾನಾಗಿ ಸಿಗುತ್ತಾನೆ.

ಕೇಡ್ಸ್ ಕೋವ್‌ನ ಕಥೆಯೇ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಖಾಯಂ ಆಗಿ ನೆಲೆಸಿದ ಮೊದಲ ಬಿಳಿಯ ದಂಪತಿ ಜಾನ್ ಆಲಿವರ್ ಮತ್ತು ಲುರೀನಾ ಫ್ರೇಜಿಯರ್. ಜಾನ್ ಬ್ರಿಟನ್ ವಿರುದ್ಧದ 1812ರ ಯುದ್ಧದಲ್ಲಿ ಹೋರಾಡಿದವನು. ಇಬ್ಬರೂ ಟೆನ್ನೆಸ್ಸಿಯ ಈಶಾನ್ಯ ಮೂಲೆಯ ಕಾರ್ಟರ್ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). 1818ರಲ್ಲಿ ನೂರು ಮೈಲಿಗೂ ದೂರದ ಈ ಕಣಿವೆಗೆ ಬಂದರು. ಕರೆತಂದವನು ಜೋಶುವಾ ಜೋಬ್, ಅವನದೂ ಕಾರ್ಟರ್ ಕೌಂಟಿಯೇ. ಆಲಿವರ್‌ಗಳನ್ನು ಬಿಟ್ಟು ಜೋಬ್ ವಾಪಸ್ ಊರಿಗೆ ಹೋದ. ಆ ಚಳಿಗಾಲ ಗಂಡ ಹೆಂಡತಿ ಬದುಕಿದ್ದು ಚೆರೊಕೀ ಜನ ಕೊಟ್ಟ ಒಣಗಿಸಿದ ಕುಂಬಳಕಾಯಿ ತಿಂದು ಅಂತ ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. 1819ರ ವಸಂತದಲ್ಲಿ ಜೋಬ್ ದನದ ಮಂದೆ ಹೊಡೆದುಕೊಂಡು ಬಂದ. ಲುರೀನಾಳ ಸಿಟ್ಟು ತಣಿಯಲಿ ಅಂತ ಎರಡು ಕರೆಯುವ ಹಸು ಕೊಟ್ಟನಂತೆ. 1821ರಲ್ಲಿ ವಿಲಿಯಂ ಟಿಪ್ಟನ್ ಕಣಿವೆಯಲ್ಲಿ ದೊಡ್ಡ ದೊಡ್ಡ ಜಮೀನು ಕೊಂಡು ಮಕ್ಕಳಿಗೆ, ನೆಂಟರಿಗೆ ಹಂಚಿ ಮಾರಿದ. ಟಿಪ್ಟನ್ ಮನೆತನದ ಬೇರೂ ಅದೇ ಕಾರ್ಟರ್ ಕೌಂಟಿ ಕಡೆಯದು. ನೋಡಿ, ಮೂರು ಮನೆತನ, ಒಂದೇ ಹಳೆಯ ಊರು. ನಿಮ್ಮ ಬೀಗರ ಹಿರಿಯರು 1820ರ ದಶಕದಲ್ಲಿ ಬಂದವರಾದರೆ ಅವರನ್ನೂ ಕಾರ್ಟರ್ ಕೌಂಟಿಯಲ್ಲೇ ಮೊದಲು ಹುಡುಕುವುದು ಸರಿ. ಆ ಹೆಸರಿನವರು ಜಾಸ್ತಿ ಇದ್ದಾರೆ ಅಂತ ಇಂಗ್ಲೆಂಡಿಗೋ ಐರ್ಲೆಂಡಿಗೋ ಹಾರುವುದು ಬೇಡ.

ಎಲ್ಲರೂ ಒಂದೇ ಕಡೆಯವರು ಅಂತಲೂ ತಿಳಿಯಬೇಡಿ. ಪೀಟರ್ ಕೇಬಲ್ ಪೆನ್ಸಿಲ್ವೇನಿಯಾದ ಜರ್ಮನ್ ಮೂಲದವನು. ಕಣಿವೆಯ ಪಡುವಣ ಭಾಗದ ಜವುಗು ನೆಲದಿಂದ ಕಾಲುವೆ ತೋಡಿ, ಒಡ್ಡು ಹಾಕಿ ನೀರು ಬಸಿದು ಹೊಲ ಮಾಡಿದವನು ಅವನೇ. ರಾಬರ್ಟ್ ಶೀಲ್ಡ್ಸ್ 1835ರಲ್ಲಿ ಬಂದು ಫೋರ್ಜ್ ಕ್ರೀಕ್‌ನಲ್ಲಿ ನೀರಿನ ಗಿರಣಿ ಹಾಕಿದ. ಅಲ್ಲಿ ಒಬ್ಬೊಬ್ಬರ ಬದುಕೂ ಒಂದೊಂದು ಹಳ್ಳಕ್ಕೆ ಅಂಟಿಕೊಂಡಿತ್ತು. ಗಿರಣಿ, ಕುಲುಮೆ, ಹೊಲದ ಗಡಿ ಎಲ್ಲದಕ್ಕೂ ಹಳ್ಳವೇ ಗುರುತು.

ಈಗ ಕೆಲಸಕ್ಕೆ ಬರೋಣ. ಮೊದಲು ಬೀಗಿತ್ತಿಯವರ ಜೊತೆ ಕೂತು, ಅವರ ಅಜ್ಜ ಅಜ್ಜಿಯ ಹೆಸರು, ಹುಟ್ಟಿದ ವರ್ಷ, ಯಾವ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ ಅನ್ನುವುದನ್ನು ಬರೆದುಕೊಳ್ಳಿ. ಮನೆಯಲ್ಲಿ ಹಳೆಯ ಬೈಬಲ್ ಇದೆಯಾ ಕೇಳಿ. ಹಿಂದಿನವರು ಹುಟ್ಟು, ಮದುವೆ, ಸಾವನ್ನು ಅದರ ಹಾಳೆಯಲ್ಲೇ ಬರೆದಿಡುತ್ತಿದ್ದರು. ಇದ್ದರೆ ಆ ಹಾಳೆಯ ಜೊತೆಗೆ ಬೈಬಲ್ ಅಚ್ಚಾದ ವರ್ಷದ ಪುಟವನ್ನೂ ಫೋಟೋ ತೆಗೆಯಿರಿ. 1870ರಲ್ಲಿ ಅಚ್ಚಾದ ಪುಸ್ತಕದಲ್ಲಿ 1810ರ ಮದುವೆ ಬರೆದಿದ್ದರೆ, ಅದು ಕಣ್ಣಾರೆ ಕಂಡು ಆಗಲೇ ಬರೆದದ್ದಲ್ಲ, ನೆನಪಿನಿಂದ ಬರೆದದ್ದು.

ಅಲ್ಲಿಂದ ಹಿಂದೆ ಹಿಂದೆ ಹೋಗಿ. ಟೆನ್ನೆಸ್ಸಿಯಲ್ಲಿ ಸಾವಿನ ನೋಂದಣಿ ರಾಜ್ಯದ ಮಟ್ಟದಲ್ಲಿ ಶುರುವಾಗಿದ್ದು 1908ರಲ್ಲಿ. ನಡುವೆ 1913ರಲ್ಲಿ ನಿಂತು, 1914ರಿಂದ ಬಿಡದೆ ಸಿಗುತ್ತದೆ. ಈ 1914ರ ನಂತರದ ಮರಣ ಪತ್ರದಲ್ಲಿ ತಂದೆಯ ಹೆಸರು, ತಾಯಿಯ ತವರಿನ ಹೆಸರು ಇರುತ್ತದೆ. ಕೆಳಗೆ ಮಾಹಿತಿ ಕೊಟ್ಟವರ ಹೆಸರೂ ಇರುತ್ತದೆ, ಅದನ್ನು ತಪ್ಪದೆ ನೋಡಿ. ಮಗಳು ಹೇಳಿದ್ದಕ್ಕೂ ಪಕ್ಕದ ಮನೆಯವರು ಹೇಳಿದ್ದಕ್ಕೂ ವ್ಯತ್ಯಾಸ ಇರುತ್ತದಲ್ವಾ?

ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ. 72 ವರ್ಷ ಆದಮೇಲೆ ಹೆಸರು ಸಮೇತ ಎಲ್ಲರಿಗೂ ಬಿಡುತ್ತಾರೆ. 1950ರದ್ದು 2022ರಲ್ಲಿ ಹೊರಬಂತು. ಅಲ್ಲಿಂದ 1900ರವರೆಗೆ ಸಲೀಸಾಗಿ ಹೋಗಬಹುದು. 1900ರ ಗಣತಿ ನಿಮಗೆ ಬಹಳ ಉಪಯೋಗ. ಹುಟ್ಟಿದ ತಿಂಗಳು, ವರ್ಷ, ಮದುವೆಯಾಗಿ ಎಷ್ಟು ವರ್ಷ, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು ಎಲ್ಲ ಕೇಳಿದ್ದಾರೆ. 1890ರದ್ದು ವಾಷಿಂಗ್ಟನ್‌ನಲ್ಲಿ 1921ರ ಬೆಂಕಿಯಲ್ಲಿ ಹಾಳಾಯಿತು. ಆದರೆ ಅದರ ಜೊತೆ ಮಾಡಿದ್ದ, ಅಂತರ್ಯುದ್ಧದಲ್ಲಿ ದಕ್ಷಿಣದ ಬಂಡಾಯದ ವಿರುದ್ಧ ಕೇಂದ್ರದ ಪರ ಹೋರಾಡಿದ ಯೂನಿಯನ್ ಸೈನಿಕರ ಮತ್ತು ಅವರ ವಿಧವೆಯರ ಪಟ್ಟಿ ಟೆನ್ನೆಸ್ಸಿಯ ಮಟ್ಟಿಗೆ ಉಳಿದಿದೆ. 1880ರಲ್ಲಿ ಯಜಮಾನನಿಗೆ ಯಾರು ಏನಾಗಬೇಕು ಅಂತ ಬರೆದಿದೆ. ಮನೆಯ ಎಲ್ಲರ ಹೆಸರೂ ಸಿಗುವುದು 1850ರಿಂದ. ಅದಕ್ಕೂ ಹಿಂದಿನ ಗಣತಿಯಲ್ಲಿ ಯಜಮಾನನ ಹೆಸರು ಮಾತ್ರ. ಉಳಿದವರು ವಯಸ್ಸಿನ ಕಲಂಗಳಲ್ಲಿ ಬರೀ ಸಂಖ್ಯೆ.

ಗಣತಿಯ ಹಾಳೆ ಸಿಕ್ಕಿದಾಗ ನಿಮ್ಮವರ ಸಾಲು ಒಂದನ್ನೇ ಓದಿ ಮುಚ್ಚಬೇಡಿ. ಎಣಿಸುವವನು ಹಳ್ಳದ ಗುಂಟ ಮನೆಯಿಂದ ಮನೆಗೆ ಹೋಗುತ್ತಿದ್ದ. ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಪೂರ್ತಿ ನಕಲು ಮಾಡಿಕೊಳ್ಳಿ. ಸೊಸೆಯಂದಿರ ತವರುಮನೆ ಹೆಚ್ಚಾಗಿ ಅಲ್ಲೇ ಇರುತ್ತದೆ. 1850ಕ್ಕೂ 1860ಕ್ಕೂ ನಡುವೆ ನಿಮ್ಮವರಲ್ಲಿ ಅರ್ಧ ಜನ ಕಾಣೆಯಾದರೆ ಗಾಬರಿ ಬೇಡ. 1850ರಲ್ಲಿ ಕಣಿವೆಯಲ್ಲಿ 650ಕ್ಕೂ ಹೆಚ್ಚು ಜನರಿದ್ದರು. ಹತ್ತೇ ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆಯಾದರು. ಹೊಸ ಜಮೀನು ಹುಡುಕಿಕೊಂಡು ಪಶ್ಚಿಮಕ್ಕೆ ಹೋದರು.

ಈಗ ಬೀಗಿತ್ತಿಯವರು ಹೇಳಿದ ಸುಟ್ಟ ದಾಖಲೆಯ ವಿಷಯ. ಇದರಲ್ಲಿ ಸ್ವಲ್ಪ ನಿಜ ಇದೆ. 1856ರಲ್ಲಿ ಕೋರ್ಟು ಸುಟ್ಟುಹೋಗಿದ್ದು ಪಕ್ಕದ ಸೆವಿಯರ್ ಕೌಂಟಿಯಲ್ಲಿ. ಕೇಡ್ಸ್ ಕೋವ್ ಸೇರಿದ್ದು ಬ್ಲೌಂಟ್ ಕೌಂಟಿಗೆ, ಅದರ ಮುಖ್ಯ ಊರು ಮೇರಿವಿಲ್. ಕೌಂಟಿ ಹುಟ್ಟಿದ 1795ರಿಂದ ಈಚಿನ ಕ್ರಯಪತ್ರ, ವಿಲ್, ಮದುವೆ ದಾಖಲೆ ಅಲ್ಲಿ ನೋಡಲು ಸಿಗುತ್ತವೆ. ನಿಜವಾಗಿ ಇಲ್ಲವಾಗಿರುವುದು ಜನಗಣತಿ. ಟೆನ್ನೆಸ್ಸಿಯ 1790, 1800ರ ಪಟ್ಟಿಗಳಿಲ್ಲ, 1810ರದ್ದು ಒಂದೆರಡು ಕೌಂಟಿ ಬಿಟ್ಟರೆ ಇಲ್ಲ, 1820ರದ್ದು ಪೂರ್ವ ಭಾಗಕ್ಕೆ ಪೂರ್ತಿ ಇಲ್ಲ. ಅಂದರೆ ಜನ ಈ ಕಣಿವೆಗೆ ಬಂದು ಇಳಿಯುತ್ತಿದ್ದ ಕಾಲಕ್ಕೇ ಗಣತಿ ಇಲ್ಲ. ಆಲಿವರ್‌ಗಳು ಕಣಿವೆಗೆ ಬಂದ ಮೇಲಿನ ಮೊದಲ ಗಣತಿ ನಿಮಗೆ 1830ರದ್ದು.

ಈ ಕಂದಕ ದಾಟಿಸುವುದು ಭೂಮಿಯ ಕಾಗದ. ನಮ್ಮ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತೇವಲ್ಲ, ಅಲ್ಲಿಯೂ ಹಾಗೆಯೇ. ಹಳ್ಳದ ದಂಡೆಯ ಬಿಳಿ ಓಕ್ ಮರದಿಂದ ಶುರು ಮಾಡಿ, ಇಷ್ಟು ಪೋಲ್ ಉತ್ತರಕ್ಕೆ, ಇಂಥವನ ಗಡಿಯ ಮೂಲೆಗೆ, ಅಲ್ಲಿಂದ ಹಳ್ಳದ ತಿರುವಿನ ಜೊತೆ ಕೆಳಕ್ಕೆ ಅಂತ ಬರೆಯುತ್ತಾ ಹೋಗಿ ಮತ್ತೆ ಅದೇ ಮರಕ್ಕೆ ಬಂದು ಮುಟ್ಟುತ್ತಾರೆ. ಒಂದು ಪೋಲ್ ಅಂದರೆ ಹದಿನಾರೂವರೆ ಅಡಿ. ನಾಲ್ಕು ಪೋಲ್ ಸೇರಿದರೆ 66 ಅಡಿಯ ಒಂದು ಸರಪಳಿ. ನಮ್ಮ ಗುಂಟೆಯ ಬದಿ 33 ಅಡಿ ಇರುವುದೂ ಈ ಸರಪಳಿಯ ಅರ್ಧಕ್ಕೆ ಸರಿಯಾಗಿ, ಹಾಗಾಗಿ ನಿಮಗೆ ಲೆಕ್ಕ ಸುಲಭ. ಗ್ರಾಫ್ ಹಾಳೆಯ ಮೇಲೆ ಗಡಿ ಎಳೆದು ಅಕ್ಕಪಕ್ಕದ ಜಮೀನುಗಳನ್ನೂ ಜೋಡಿಸಿ. ಯಾರ ಹೊಲ ಯಾರ ಪಕ್ಕ ಅಂತ ಹಳ್ಳದ ನಕ್ಷೆಯೇ ಕಣ್ಣ ಮುಂದೆ ಬರುತ್ತದೆ.

ಅದೇ ಅಳತೆ ಕಾಗದದ ಕೊನೆಯಲ್ಲಿ ಎರಡು ಹೆಸರು ಇರುತ್ತವೆ, ಸರಪಳಿ ಹಿಡಿದವರದು. ಬಹಳ ಜನ ಇದನ್ನು ಓದುವುದೇ ಇಲ್ಲ. ನನಗೆ ಆ ಹಾಳೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಕಾಡಿನಲ್ಲಿ ದಿನವಿಡೀ ಸರಪಳಿ ಎಳೆಯಲು ದೂರದ ಕೂಲಿಯವರನ್ನು ಕರೆಯುವುದು ಅಪರೂಪ. ಮಗ, ಅಳಿಯ, ತಮ್ಮ, ಪಕ್ಕದ ಹೊಲದವನು, ಇಂಥವರೇ ಇರುತ್ತಾರೆ. ಅದೇ ಹೆಸರುಗಳು ಮುಂದೆ ಮದುವೆಯ ಜಾಮೀನು ಪತ್ರದಲ್ಲೋ, ವಿಲ್ಲಿಗೆ ಸಾಕ್ಷಿಯಾಗಿಯೋ ಬಂದರೆ ಗುರುತು ಹಾಕಿಕೊಳ್ಳಿ. ಎರಡು ಮೂರು ಕಡೆ ಒಟ್ಟಿಗೆ ಬಂದರೆ ಅವರು ನೆಂಟರು ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಈಗ ಹಳೆಯ ಕೈಬರಹವನ್ನೂ ಕಂಪ್ಯೂಟರೇ ಓದಿ ಹುಡುಕಿಕೊಡುತ್ತದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅಲ್ಲಿ ಮನೆತನದ ಹೆಸರಿನ ಬದಲು ಏಬ್ರಮ್ಸ್ ಕ್ರೀಕ್, ಫೋರ್ಜ್ ಕ್ರೀಕ್ ಅಂತ ಹಳ್ಳದ ಹೆಸರು ಹಾಕಿ ನೋಡಿ. ನಿಮ್ಮವರ ಹೆಸರನ್ನು ಗುಮಾಸ್ತ ತಪ್ಪಾಗಿ ಬರೆದಿದ್ದರೂ ಹಳ್ಳದ ಹೆಸರಿನಿಂದ ಹಾಳೆ ಕೈಗೆ ಬರುತ್ತದೆ.

ಇನ್ನೊಂದು ಚರ್ಚಿನ ನಡಾವಳಿ ಪುಸ್ತಕ. ಕಣಿವೆಯ ಬ್ಯಾಪ್ಟಿಸ್ಟ್ ಚರ್ಚು 1827ರದು. 1839ರಲ್ಲಿ ಜಗಳವಾಗಿ ಎರಡಾಯಿತು. ಹಳೆಯದು ಪ್ರಿಮಿಟಿವ್ ಬ್ಯಾಪ್ಟಿಸ್ಟ್, ಹೊಸದು ಮಿಷನರಿ ಬ್ಯಾಪ್ಟಿಸ್ಟ್. ಬೇರೆ ಊರಿನಿಂದ ಬಂದವರು ಹಳೆಯ ಚರ್ಚಿನಿಂದ ಪತ್ರ ತಂದು ಸೇರುತ್ತಿದ್ದರು, ಬಿಟ್ಟು ಹೋಗುವಾಗ ಪತ್ರ ಪಡೆದು ಹೋಗುತ್ತಿದ್ದರು, ನಮ್ಮ ಶಾಲೆಯ ಟಿ.ಸಿ. ಇದ್ದ ಹಾಗೆ. ಯಾವ ಚರ್ಚಿನಿಂದ ಪತ್ರ ಅಂತ ಬರೆದಿದ್ದರೆ ಹಿಂದಿನ ಊರು ಸಿಕ್ಕಿತು ಅಂತಲೇ ಲೆಕ್ಕ. ಹೆಣ್ಣುಮಕ್ಕಳ ಹೆಸರು ಭೂಮಿಯ ಕಾಗದದಲ್ಲಿ ಬರುವುದೇ ಕಡಿಮೆ. ಈ ಪುಸ್ತಕದಲ್ಲಿ ಅವರೂ ಇದ್ದಾರೆ.

ಪ್ರಿಮಿಟಿವ್ ಬ್ಯಾಪ್ಟಿಸ್ಟರ ಪುಸ್ತಕದಲ್ಲಿ ಅಂತರ್ಯುದ್ಧದ ಹೊತ್ತಿಗೆ ಬರವಣಿಗೆ ನಿಂತುಹೋಗಿದೆ. ಯುದ್ಧ ಮುಗಿದ ಮೇಲೆ ಯಾಕೆ ಸಭೆ ಸೇರಲಿಲ್ಲ ಅಂತ ಅವರೇ ಬರೆದಿದ್ದಾರೆ. ನಾವು ಯೂನಿಯನ್ ಕಡೆಯವರು, ಬಂಡಾಯದವರ ಬಲ ಇಲ್ಲಿ ಜಾಸ್ತಿಯಾಗಿತ್ತು, ನಮ್ಮ ಪಾದ್ರಿ ಆಗಾಗ ಊರು ಬಿಟ್ಟು ಹೋಗಬೇಕಾಯಿತು, ದೇವರ ದಯದಿಂದ ಮತ್ತೆ ಕೂಡಿದ್ದೇವೆ ಅನ್ನುವುದು ಅದರ ಸಾರ. ಅದೇ ಚರ್ಚಿನ ಸ್ಮಶಾನದಲ್ಲಿ ರಸೆಲ್ ಗ್ರೆಗರಿಯ ಕಲ್ಲಿದೆ. 1864ರಲ್ಲಿ ದಾಳಿಗೆ ಬಂದವರ ಕೈಯಲ್ಲಿ ಸತ್ತ ಮುದುಕ. ಉತ್ತರ ಕ್ಯಾರೊಲಿನಾದ ಬಂಡಾಯಗಾರರು ಕೊಂದರು ಅಂತ ಕಲ್ಲಿನ ಮೇಲೆ ಕೊರೆದಿದ್ದಾರೆ. ಮಗಳಿಗೆ ಹೇಳಿ, ಮೊಮ್ಮಗಳನ್ನು ಕರೆದುಕೊಂಡು ಹೋಗಿ ಆ ಸ್ಮಶಾನದ ಸಾಲುಗಳನ್ನು ಓದಲಿ. ಯಾರ ಪಕ್ಕ ಯಾರನ್ನು ಮಣ್ಣು ಮಾಡಿದ್ದಾರೆ ಅನ್ನುವುದೂ ಒಂದು ದಾಖಲೆಯೇ.

ಯೂನಿಯನ್ ಕಡೆ ನಿಂತದ್ದರಿಂದ ನಿಮಗೆ ಇನ್ನೊಂದು ಅನುಕೂಲ ಇದೆ. ಯೂನಿಯನ್ ಸೈನ್ಯ ತೆಗೆದುಕೊಂಡ ದನ, ಜೋಳ, ಕುದುರೆಗೆ ಪರಿಹಾರ ಕೊಡಲು 1871ರಲ್ಲಿ ಒಂದು ಆಯೋಗ ಆಯಿತು. ದಕ್ಷಿಣದ ರಾಜ್ಯಗಳಿಂದ 22,000ಕ್ಕೂ ಹೆಚ್ಚು ಅರ್ಜಿ ಬಂದವು. ನಿಷ್ಠೆ ತೋರಿಸಲು ಅಕ್ಕಪಕ್ಕದವರ ಸಾಕ್ಷಿ ಬೇಕಿತ್ತು. ಯಾರು ಯಾರಿಗೆ ಏನಾಗಬೇಕು, ಎಷ್ಟು ವರ್ಷದ ಪರಿಚಯ ಅಂತ ಪ್ರಶ್ನೆ ಕೇಳಿ ಬರೆದುಕೊಂಡಿದ್ದಾರೆ. ಪಿಂಚಣಿ ಕಡತಗಳನ್ನೂ ಬಿಡಬೇಡಿ. 1812ರ ಯುದ್ಧದಲ್ಲಿ ಹದಿನಾಲ್ಕು ದಿನ ಸೇವೆ ಮಾಡಿದ್ದರೂ ವಿಧವೆಗೆ 1878ರ ಕಾನೂನಿನಲ್ಲಿ ಪಿಂಚಣಿ ಇತ್ತು. ಅರ್ಜಿಯಲ್ಲಿ ಮದುವೆಯ ದಿನ, ತವರಿನ ಹೆಸರು ಬರೆಯಬೇಕಿತ್ತು. ಅವರ ಅಪ್ಪಂದಿರು ಅಮೆರಿಕದ ಸ್ವಾತಂತ್ರ್ಯ ಯುದ್ಧದವರಾದರೆ 1832ರ ಕಾನೂನಿನ ಅರ್ಜಿ ನೋಡಿ. ಕಾಗದ ಪತ್ರ ಇಲ್ಲದ ಮುದುಕರು ಕೋರ್ಟಿನಲ್ಲಿ ನಿಂತು, ಎಲ್ಲಿ ಹುಟ್ಟಿದೆ, ಆಮೇಲೆ ಎಲ್ಲೆಲ್ಲಿ ಬಾಳಿದೆ ಅಂತ ತಮ್ಮ ಬಾಯಿಂದಲೇ ಹೇಳಿದ್ದಾರೆ.

ಕಾರ್ಟರ್ ಕೌಂಟಿಗೆ ಹೋದಾಗ ಒಂದು ಎಚ್ಚರ. ಮನೆ ಇದ್ದಲ್ಲೇ ಇದ್ದರೂ ಸರ್ಕಾರ ಬದಲಾಗುತ್ತಾ ಹೋಯಿತು. 1777ರಲ್ಲಿ ಅದು ಉತ್ತರ ಕ್ಯಾರೊಲಿನಾದ ವಾಷಿಂಗ್ಟನ್ ಕೌಂಟಿ. 1784ರಿಂದ ಕೆಲವು ವರ್ಷ ಫ್ರಾಂಕ್ಲಿನ್ ಅನ್ನುವ ಹೊಸ ರಾಜ್ಯ ಮಾಡುವ ಯತ್ನ ನಡೆಯಿತು. 1790ರಲ್ಲಿ ಕೇಂದ್ರದ ಆಡಳಿತದ ಸೀಮೆ. 1796ರಲ್ಲಿ ಟೆನ್ನೆಸ್ಸಿ ರಾಜ್ಯ, ಅದೇ ವರ್ಷ ಕಾರ್ಟರ್ ಕೌಂಟಿ. ಹಾಗಾಗಿ ಒಬ್ಬನೇ ಮನುಷ್ಯನ ಕಾಗದ ಮೂರು ಕಡೆ ಇರಬಹುದು. 1796ಕ್ಕೆ ಮೊದಲೇ ಅಲ್ಲಿದ್ದರು ಅಂತ ತೋರಿಸಿದರೆ, ನಾಕ್ಸ್‌ವಿಲ್‌ನ ಈಸ್ಟ್ ಟೆನ್ನೆಸ್ಸಿ ಹಿಸ್ಟಾರಿಕಲ್ ಸೊಸೈಟಿಯವರು ಟೆನ್ನೆಸ್ಸಿಯ ಮೊದಲ ಕುಟುಂಬಗಳ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಬೇರೆಯವರು ಹಿಂದೆ ಹಾಕಿದ ಅರ್ಜಿಗಳೂ ಅಲ್ಲಿವೆ. ಮಗಳ ಮನೆ ಅದೇ ಊರಲ್ಲಿ ಇರುವುದರಿಂದ ಹೇಳುತ್ತಿದ್ದೇನೆ.

ಮೂವರು ಅಣ್ಣತಮ್ಮಂದಿರ ಕಥೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಇದೆ. ಒಂದೇ ಹೆಸರಿನ ಮೂರು ಮನೆ ಒಂದೇ ಹಳ್ಳದ ದಂಡೆಯಲ್ಲಿ ಕಂಡರೆ ನಂತರದವರು ಅಣ್ಣತಮ್ಮಂದಿರು ಅಂದುಕೊಳ್ಳುವುದು ಸಹಜ. ಚಿಕ್ಕಪ್ಪನೂ ಇರಬಹುದು, ದಾಯಾದಿಯೂ ಇರಬಹುದು. ತಂದೆಯ ವಿಲ್ ಅಥವಾ ಆಸ್ತಿ ಪಾಲಿನ ಕಾಗದದಲ್ಲಿ ಮೂವರ ಹೆಸರೂ ಕಾಣುವವರೆಗೆ ಪೆನ್ಸಿಲ್‌ನಲ್ಲೇ ಬರೆದಿಡಿ. ಡಿಎನ್‌ಎ ಪರೀಕ್ಷೆ ಮಾಡಿಸಿದರೂ ಇಂಥ ಕಣಿವೆಯವರಿಗೆ ಹುಷಾರು. ನಾಲ್ಕಾರು ಮನೆತನಗಳು ತಲೆಮಾರುಗಟ್ಟಲೆ ತಮ್ಮೊಳಗೇ ಹೆಣ್ಣು ಕೊಟ್ಟು ತಂದಿರುವುದರಿಂದ, ದೂರದ ನೆಂಟನೂ ಹತ್ತಿರದವನ ಹಾಗೆ ಕಾಣುತ್ತಾನೆ.

ಚೆರೊಕೀ ಮುತ್ತಜ್ಜಿಯ ಮಾತನ್ನು ನಿಧಾನವಾಗಿ ಹೇಳಬೇಕು. ಚೆರೊಕೀಗಳಲ್ಲಿ ರಾಜ ಇರಲಿಲ್ಲ, ರಾಜಕುಮಾರಿಯೂ ಇರಲಿಲ್ಲ. ಅವರಲ್ಲಿ ಏಳು ಕುಲ, ಮಕ್ಕಳಿಗೆ ಕುಲ ಬರುವುದು ತಾಯಿಯಿಂದ. ಆ ಕಣಿವೆ ಅವರದ್ದೇ ನೆಲ. ಹಳ್ಳಕ್ಕೆ ಏಬ್ರಮ್ಸ್ ಅನ್ನುವ ಹೆಸರು ಬಂದದ್ದು ಚಿಲ್ಹೋವಿ ಊರಿನ ಚೆರೊಕೀ ಮುಖಂಡನಿಂದ. ಮಾತುಕತೆಗೆ ಬಾ ಅಂತ ಬಿಳಿ ಬಾವುಟದ ಕೆಳಗೆ ಕರೆದು 1788ರಲ್ಲಿ ಅವನನ್ನು ಕೊಂದರು. ಚೆರೊಕೀಗಳು ಈ ಭೂಮಿ ಬಿಟ್ಟುಕೊಟ್ಟ ಕ್ಯಾಲ್ಹೂನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1819ರ ಫೆಬ್ರವರಿಯಲ್ಲಿ. ಆಲಿವರ್‌ಗಳು ಬಂದದ್ದು 1818ರಲ್ಲಿ. ಅಂದರೆ ಇನ್ನೂ ಬೇರೆಯವರದಾಗಿದ್ದ ನೆಲದಲ್ಲಿ ಬಂದು ಕೂತರು. ಆ ಚಳಿಗಾಲ ಅವರಿಗೆ ಊಟ ಕೊಟ್ಟ ಜನರ ಬಂಧುಗಳಲ್ಲಿ ಸಾವಿರಾರು ಮಂದಿಯನ್ನು 1838ರಲ್ಲಿ ಸೈನ್ಯ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿತು. ಮೊದಲು ನೆಲೆಸಿದವರು ಅಂತ ಬರೆಯುವ ಪುಟದಲ್ಲೇ ಇದನ್ನೂ ಬರೆಯಿರಿ. ಮೊಮ್ಮಗಳು ಓದಲಿ.

ರಕ್ತಸಂಬಂಧ ಇತ್ತಾ ಅನ್ನುವುದನ್ನು ಪರೀಕ್ಷಿಸಲು ಪಟ್ಟಿಗಳಿವೆ. 1835ರ ಹೆಂಡರ್ಸನ್ ಪಟ್ಟಿಯಲ್ಲಿ ಪೂರ್ವದಲ್ಲಿ ಉಳಿದಿದ್ದ 16,000ಕ್ಕೂ ಹೆಚ್ಚು ಚೆರೊಕೀಗಳ ಲೆಕ್ಕ ಇದೆ. 1906ರಿಂದ 1909ರ ನಡುವೆ ಗೈಯನ್ ಮಿಲ್ಲರ್ ಪಟ್ಟಿಗೆ 45,000ಕ್ಕೂ ಹೆಚ್ಚು ಅರ್ಜಿ ಬಂದವು, ಬಹಳಷ್ಟು ತಿರಸ್ಕಾರವಾದವು. ತಿರಸ್ಕಾರವಾದದ್ದನ್ನೂ ಓದಿ. ಅಜ್ಜ ಅಜ್ಜಿಯ ಹೆಸರು, ಊರು ಎಲ್ಲ ಬರೆಸಿರುತ್ತಾರೆ. ನಿಮ್ಮವರ ಅರ್ಜಿ ಸಿಕ್ಕರೆ, ರಾಜಕುಮಾರಿಯ ಕಥೆ ಆಗ ಮನೆಯಲ್ಲಿ ಹೇಗಿತ್ತು ಅಂತ ತಿಳಿಯುತ್ತದೆ. ಬೀಗಿತ್ತಿಯವರ ಮುಂದೆ ಮಾತ್ರ ಇದು ಸುಳ್ಳು ಅಂತ ಹೇಳಿ ಅವರ ಮನಸ್ಸು ನೋಯಿಸಬೇಡಿ. ಇನ್ನೂ ಕಾಗದ ಸಿಕ್ಕಿಲ್ಲ ಅಂದರೆ ಸಾಕು.

ನೀವು ಮೊಟ್ಟಮೊದಲು ತರಿಸಬೇಕಾದದ್ದು ರಾಷ್ಟ್ರೀಯ ಉದ್ಯಾನದ ಭೂಸ್ವಾಧೀನ ಕಡತ. 1920, 30ರ ದಶಕಗಳಲ್ಲಿ ಗ್ರೇಟ್ ಸ್ಮೋಕಿ ಮೌಂಟನ್ಸ್ ಉದ್ಯಾನಕ್ಕಾಗಿ ಇಡೀ ಕಣಿವೆಯನ್ನು ಕೊಂಡರು. ಮೊದಲ ಆಲಿವರ್‌ನ ಮರಿಮಗ ಜಾನ್ ಡಬ್ಲ್ಯು. ಆಲಿವರ್ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿ ಸೋತು, 1937ರಲ್ಲಿ ಮನೆ ಬಿಟ್ಟರು. ಮನೆ ಕಳೆದುಕೊಂಡವರ ನೋವು ದೊಡ್ಡದು. ಆದರೆ ಆ ಕೆಲಸದಲ್ಲಿ ಒಂದೊಂದು ಜಮೀನಿಗೂ ಅಳತೆ, ನಕ್ಷೆ, ಬೆಲೆ, ಹಕ್ಕಿನ ತನಿಖೆ ಆಯಿತು. ಉದ್ಯಾನ ಆಯೋಗದ ಕಾಗದಗಳು ನ್ಯಾಶ್‌ವಿಲ್‌ನ ಟೆನ್ನೆಸ್ಸಿ ರಾಜ್ಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿವೆ. ಉದ್ಯಾನದ ಸ್ವಂತ ಸಂಗ್ರಹ ಟೌನ್‌ಸೆಂಡ್‌ನಲ್ಲಿದೆ, ಕಣಿವೆಗೆ ಹೋಗುವ ದಾರಿಯಲ್ಲೇ. ಬೀಗಿತ್ತಿಯವರ ಅಜ್ಜನ ಹೆಸರು, ಜಮೀನು ಯಾವ ಹಳ್ಳದ ಪಕ್ಕ ಇತ್ತು ಅನ್ನುವುದನ್ನು ಬರೆದು ಎರಡೂ ಕಡೆಗೆ ಇಮೇಲ್ ಮಾಡಿ. ಜಮೀನಿನ ಸಂಖ್ಯೆ ಗೊತ್ತಿದ್ದರೆ ಅದನ್ನೂ ಸೇರಿಸಿ. ನಕ್ಷೆ ಬಂದ ಮೇಲೆ ಅಕ್ಕಪಕ್ಕದ ಜಮೀನಿನವರ ಹೆಸರು ಪಟ್ಟಿ ಮಾಡಿಕೊಂಡು 1930ರ ಗಣತಿಯ ಹಾಳೆ ತೆಗೆಯಿರಿ.